ಅಂಕ ಕೊಡುವ ರೋಗಿ

ಜೂನ್ 9, ಸೋಮವಾರ. ಸಂಜೆ

ಊಟದ ಹೊತ್ತಿಗೆ ಹನ್ನೊಂದು ಸಲ ಗಂಡ ಸತ್ತಿದ್ದ. ಊಟದ ಮೇಲೆ ಇನ್ನಷ್ಟು. ಗಂಟಲು ಕಟ್ಟಿದೆ.

ಮೆಡಿಕಲ್ ಮೂರನೇ ವರ್ಷದ ಹುಡುಗ ಹುಡುಗಿಯರಿಗೆ ಪರೀಕ್ಷೆ, ನಾನು ಪಾತ್ರ ಮಾಡುವವಳು. ಒಬ್ಬೊಬ್ಬರೇ ಒಳಗೆ ಬರಬೇಕು, ಆಕ್ಸಿಡೆಂಟಿನಲ್ಲಿ ಗಂಡ ಹೋದ ಅಂತ ನನಗೆ ತಿಳಿಸಬೇಕು. ನಾನು ಅಳಬೇಕು. ಗಂಟೆ ಹೊಡೆದ ಮೇಲೆ ಕಣ್ಣೊರೆಸಿಕೊಂಡು ಅಂಕ ಹಾಕಬೇಕು. ತಮ್ಮ ಹೆಸರು ಹೇಳಿದರಾ. ಕೂತು ಮಾತಾಡಿದರಾ. ಸುಮ್ಮನಿರಬೇಕಾದಾಗ ಸುಮ್ಮನಿದ್ದರಾ. ಡಾಕ್ಟರಾಗುವವರ ನಡವಳಿಕೆ ಅಳೆಯುವುದು ಹೀಗಂತೆ. ಪ್ರೊಫೆಷನಲಿಸಂ — ಈ ವರ್ಷ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಇದೇ.

ಎಲ್ಲರೂ ಟಿಶ್ಯೂ ಡಬ್ಬಿಯನ್ನು ಒಂದೇ ಥರ ತಳ್ಳುತ್ತಾರೆ. 'ನಿಮ್ಮ ನೋವು ನನಗೆ ಅರ್ಥ ಆಗುತ್ತೆ' — ಒಂದೇ ರಾಗ. ಯಾರೋ ನೋಟ್ಸ್ ಹಂಚಿದ್ದಾರೆ, ಖಂಡಿತ. ಒಬ್ಬ 'ಅರ್ಥ ಆಗುತ್ತೆ' ಅನ್ನುತ್ತ ಗೋಡೆ ಗಡಿಯಾರ ನೋಡಿದ. ಸೊನ್ನೆ ಕೊಟ್ಟೆ. ಇನ್ನೊಬ್ಬಳು ಬಾಗಿಲು ದಾಟುವ ಮೊದಲೇ ಆಚೆಯವರ ಕಡೆ ಹೆಬ್ಬೆರಳು ಎತ್ತಿ ತೋರಿಸಿದಳು. ಅವಳಿಗೂ ಸೊನ್ನೆ.

ಪಕ್ಕದ ರೂಮಿನಲ್ಲಿ ಮಹದೇವಸ್ವಾಮಿ ಅವರು ಸಕ್ಕರೆ ಕಾಯಿಲೆಯವರ ಪಾತ್ರ. ಬಸ್ ಕಂಡಕ್ಟರ್ ಆಗಿದ್ದವರು, ರಿಟೈರ್ ಆದ ಮೇಲೆ ಇಲ್ಲಿ. ಟೀ ಕುಡಿಯುವಾಗ, "ಏನಮ್ಮ ಸಂಘಮಿತ್ರ, ನಿನ್ ಗಂಡ ಇವತ್ತಾದ್ರೂ ಬದುಕುದ್ನಾ?" ಅಂದರು. "ನೋಡು, ಮೈಸೂರು ಪಾಕ್ ಬುಡಕ್ಕಾಗಲ್ಲ ಅಂತ ಬೆಳಗ್ಗಿಂದ ಹಟ ಮಾಡ್ತಾ ಕೂತಿವ್ನಿ. ಒಬ್ನಾದ್ರೂ ಒಂದ್ ತುಂಡು ತಂದುಕೊಡ್ಲಿಲ್ಲ."

ನಗು ಬಂತು. ರೂಮಿಗೆ ಬರುವಷ್ಟರಲ್ಲಿ ಹೋಯಿತು.


ಜೂನ್ 11, ಬುಧವಾರ

ಮಾಲವಿಕಾ ಮೇಡಂ ಕರೆಸಿದರು. ನಮ್ಮ ವಿಭಾಗ ಕಟ್ಟಿದವರೇ ಅವರು. ನನ್ನ ಅಂಕಗಳನ್ನು ಮುಂದಿಟ್ಟುಕೊಂಡು ಕೂತಿದ್ದರು.

"ಇಷ್ಟೊಂದು ಸೊನ್ನೆ ಯಾಕಮ್ಮ?"

"ಅವರೆಲ್ಲ ನಟಿಸ್ತಾರೆ ಮೇಡಂ."

"ನೀನು?"

"ನನ್ನ ಕೆಲಸವೇ ಅದು."

"ಅವರ ಕೆಲಸದಲ್ಲೂ ಸ್ವಲ್ಪ ಅದೇ. ಮೂವತ್ತನೇ ಪೇಷೆಂಟ್ ಹೊತ್ತಿಗೆ ಮನಸ್ಸು ಬತ್ತಿಹೋಗಿರುತ್ತೆ. ಆಗಲೂ ಕೂತು ಮಾತಾಡೋದು ಅಭ್ಯಾಸ ಆಗಿರ್ಬೇಕು. ನೀನು ಅವರ ಮನಸ್ಸಿಗೆ ಮಾರ್ಕ್ಸ್ ಕೊಡಬೇಡ. ಮಾಡಿದ್ದಕ್ಕೆ ಕೊಡು."

ಒಪ್ಪಲಿಲ್ಲ. ಹೇಳಿಯೂ ಹೇಳಿದೆ — ಪರೀಕ್ಷೆ ಅಂತ ಗೊತ್ತಿದ್ದಾಗ ಯಾರು ತಾನೇ ಕೂತು ಮಾತಾಡುವುದಿಲ್ಲ? ಯಾರೂ ನೋಡದಾಗ, ಸರತಿಯ ಕೊನೆಯಲ್ಲಿ ಚೀಟಿ ಹಿಡಿದು ನಿಂತವಳ ಹತ್ತಿರ ಹೇಗೆ ನಡೆದುಕೊಳ್ಳುತ್ತಾರೋ ಅದಕ್ಕೆ ಕೊಡಬೇಕು ಅಂಕ.

ಮೇಡಂ ನಕ್ಕರು. "ಹಾಗಂತ ಪರದೆ ಹಿಂದೆ ಅಡಗಿ ಕೂರೋಕಾಗುತ್ತಾ?"

ಟೌನ್‌ಹಾಲ್ ಹತ್ತಿರ ಫುಟ್‌ಪಾತಿನಲ್ಲಿ ಕೊಂಡ ಕಿರುಪುಸ್ತಕ ಮತ್ತೆ ತೆಗೆದೆ. ರಟ್ಟು ಹೋಗಿದೆ, ಬರೆದವರು ಯಾರೋ ಗೊತ್ತಿಲ್ಲ. 'ಬಿಳಿ ಕೋಟಿನೊಳಗೆ ಮನುಷ್ಯನಿದ್ದಾನೋ ಹುದ್ದೆಯಿದೆಯೋ ತಿಳಿಯಬೇಕಾದರೆ ಏನೂ ಇಲ್ಲದವರ ಸಾಲಿನಲ್ಲಿ ನಿಂತು ನೋಡು.' ಅಡಿಗೆರೆ ನಾನೇ ಎಳೆದದ್ದು, ಹಿಂದೆ ಯಾವಾಗಲೋ.

ನಿಂತು ನೋಡಬಹುದಲ್ಲ.


ಜೂನ್ 14, ಶನಿವಾರ. ಸಂಜೆ ಐದು

ಹೋಗಿ ಬಂದೆ. ಕ್ರಮವಾಗಿ ಬರೆಯಬೇಕು.

ರಸ್ತೆ ದಾಟಿದರೆ ನಮ್ಮದೇ ಆಸ್ಪತ್ರೆ. ನಾನು ಸೇರಿದ್ದು ಈ ವರ್ಷ — ಓದು ಮುಗಿಸಿ ಇಂಟರ್ನ್‌ಗಳಾಗಿರುವವರು ನನ್ನನ್ನು ನೋಡಿಲ್ಲ. ಹಳೇ ಚೂಡಿದಾರ್, ಕೈಯಲ್ಲೊಂದು ವೈರ್ ಬುಟ್ಟಿ. ಐಸಿಯು ಮುಂದಿನ ಮೆಟ್ಟಿಲಿನಲ್ಲಿ ಕೂತು ಅಳಲು ಶುರು ಮಾಡಿದೆ. ಮೇಡಂಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಹೇಳಿದರೆ ಅದೂ ಪರೀಕ್ಷೆಯೇ ಆಗಿಬಿಡುತ್ತದೆ.

ಮೊದಲನೆಯವನು ಫೋನಿನಲ್ಲಿ ಮಾತಾಡುತ್ತ ನನ್ನ ಬುಟ್ಟಿ ದಾಟಿಕೊಂಡು ಹೋದ. ಎರಡನೆಯವಳು ನಿಂತಳು, "ಸಿಸ್ಟರ್‌ನ ಕೇಳಿ" ಅಂದಳು, ಹೋದಳು. ಹಾಗೇ ಇನ್ನೂ ಕೆಲವರು. ನನ್ನ ಮಾತೇ ನಿಜವಾಯಿತು ಅಂತ ಒಳಗೊಳಗೆ ಖುಷಿಯಾಗುತ್ತಿತ್ತು. ಅಳು ನಿಂತುಹೋಗುತ್ತದೇನೋ ಅಂತ ಭಯವೂ.

ಆಮೇಲೆ ಒಬ್ಬರು ಕೆಳಗಿನ ಮಹಡಿಯಿಂದ ಯಾವುದೋ ರಿಪೋರ್ಟ್ ಹಿಡಿದು ಓಡಿಬಂದರು. ಕೊಟ್ಟು ವಾಪಸ್ ಓಡುವವರು ನನ್ನ ಹತ್ತಿರ ನಿಂತರು. ಕುಕ್ಕರುಗಾಲಲ್ಲಿ ಕೂತರು. ನಮ್ಮ ರೂಮಿನಲ್ಲಿ ಇಷ್ಟು ದಿನ ಯಾರೂ ಹಾಗೆ ಕೂತಿಲ್ಲ.

"ನಾನು ರವಿಚಂದ್ರ ಅಂತ, ಇಲ್ಲಿ ಇಂಟರ್ನ್. ಒಳಗೆ ಯಾರಿದ್ದಾರೆ?"

"ಅಪ್ಪ."

"ಹೆಸರು?"

ಹೆಸರು ಯೋಚಿಸಿಟ್ಟಿರಲಿಲ್ಲ. "ಸಿದ್ದಪ್ಪಾಜಿ" ಅಂದುಬಿಟ್ಟೆ. ನನ್ನಪ್ಪನ ಹೆಸರೇ. ಬೇರೆ ಯಾವ ಹೆಸರೂ ಬಾಯಿಗೆ ಬರಲಿಲ್ಲ.

"ನನ್ನ ಡ್ಯೂಟಿ ಕೆಳಗೆ ಕ್ಯಾಶುಯಲ್ಟೀಲಿ. ಐಸಿಯು ಒಳಗೆ ನನ್ನನ್ನ ಬಿಡಲ್ಲ, ಅಲ್ಲಿ ಪೋಸ್ಟಿಂಗ್ ಇದ್ದೋರಿಗೆ ಮಾತ್ರ. ಗೊತ್ತಿಲ್ದೆ ಏನೂ ಹೇಳಲ್ಲ ನಿಮಗೆ. ಬೇಕಾದ್ರೆ ಕೇಳಿಸ್ತೀನಿ."

ಕೇಳಿಸಿದರೆ ಕೆಟ್ಟೆ. "ಬೇಡ ಸಾರ್. ಆಗಲೇ ಹೇಳಿದ್ರು. ಒಬ್ಬಳೇ ಇದ್ದೀನಿ, ಅಷ್ಟೇ" ಅಂದೆ.

"ಊಟ ಮಾಡಿದ್ರಾ?"

ಮಾಡಿರಲಿಲ್ಲ. ಅದು ಮಾತ್ರ ನಿಜ.

ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಅನ್ನ ಸಾಂಬಾರ್ ಕೊಡಿಸಿದರು. ಎದುರಿಗೆ ಕೂತರು. ಫೋನ್ ಗುಂಯ್‌ಗುಟ್ಟಿತು, ನೋಡದೆ ಮಗುಚಿಟ್ಟರು. 'ಅರ್ಥ ಆಗುತ್ತೆ' ಅಂತ ಒಂದು ಸಲವೂ ಅನ್ನಲಿಲ್ಲ. ಹುಣಸೂರು ಕಡೆಯವರಂತೆ, ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರಂತೆ. ಅವರ ತಾಯಿ ಆಸ್ಪತ್ರೆಯಲ್ಲಿದ್ದಾಗ ಇವರು ಹೀಗೇ ಮೆಟ್ಟಿಲ ಮೇಲೆ ಕೂತಿದ್ದರಂತೆ. "ಆಗ ಒಬ್ಬ ವಾಚ್‌ಮನ್ ಬೈದು ಎಬ್ಬಿಸ್ದ. ಎಬ್ಬಿಸಿ ಅವನ ಬುತ್ತೀಲೇ ಅರ್ಧ ಕೊಟ್ಟ" ಅಂದರು.

ಅಷ್ಟು ಹೊತ್ತು ಯಾರಾದರೂ ನನ್ನ ಎದುರು ಸುಮ್ಮನೆ ಕೂತು ಎಷ್ಟು ಕಾಲವಾಯಿತೋ.

ರಕ್ತಗಿಕ್ತ ಬೇಕಾದರೆ ಹೇಳಿ ಅಂತ ನಂಬರ್ ಕೊಟ್ಟು, ನನ್ನಿಂದ ಮಿಸ್ಡ್ ಕಾಲ್ ಹೊಡೆಸಿಕೊಂಡರು. ನನ್ನ ಹೆಸರು ಕೇಳಲಿಲ್ಲ. 'ಸಿದ್ದಪ್ಪಾಜಿ ಮಗಳು' ಅಂತ ಸೇವ್ ಮಾಡಿಕೊಂಡರು.

ಮನಸ್ಸಿನಲ್ಲೇ ಅಂಕ ಹಾಕಿದೆ. ಎಲ್ಲಕ್ಕೂ ಪೂರ್ತಿ.


ಜೂನ್ 15, ಭಾನುವಾರ

ಮೆಸೇಜ್ — 'ಅಪ್ಪ ಹೇಗಿದ್ದಾರೆ?'

ಉತ್ತರ ಕೊಡಬಾರದಿತ್ತು. ಪರೀಕ್ಷೆ ನಿನ್ನೆಗೇ ಮುಗಿದಿತ್ತು.

'ಸ್ವಲ್ಪ ಪರವಾಗಿಲ್ಲ ಸಾರ್' ಅಂತ ಕಳಿಸಿದೆ.


ಜೂನ್ 18, ಬುಧವಾರ. ಬೆಳಗ್ಗೆ

ದಿನಾ ಕೇಳುತ್ತಾರೆ. ನಿನ್ನೆ — 'ನೀವು ಮಲಗ್ತೀರೋ ಇಲ್ವೋ? ಕಾಯೋರೂ ಮಲಗಬೇಕು.' ಆ ಸಾಲನ್ನು ಎಷ್ಟೋ ಸಲ ಓದಿದೆ.

ಇದೂ ಅಳೆಯಬೇಕಾದದ್ದೇ — ಒಂದು ದಿನದ ಕರುಣೆ ಎಲ್ಲರಿಗೂ ಬರುತ್ತದೆ, ಮರುದಿನ ಕೇಳುವವರು ಎಷ್ಟು ಜನ? ಅದನ್ನು ತಿಳಿಯಲಿಕ್ಕೇ ಮುಂದುವರಿಸಿದ್ದೇನೆ.

ಓದಿಕೊಂಡೆ ಈಗ ಬರೆದದ್ದನ್ನು — ಬರೀ ಸಬೂಬು. ಹೊಡೆದುಹಾಕುವುದಿಲ್ಲ. ಇರಲಿ.

ಬದುಕಿರುವ ಅಪ್ಪನನ್ನು ಐಸಿಯುನಲ್ಲಿ ಮಲಗಿಸಿದ್ದು ಚುಚ್ಚುತ್ತಿತ್ತು. ಅವ್ವನಿಗೆ ಫೋನ್ ಮಾಡಿದೆ. ಅವರಿರುವ ಮಂಡಕಳ್ಳಿ ಇಲ್ಲಿಂದ ಮಹಾ ದೂರವೇನಲ್ಲ, ಆದರೂ ಹೋಗಿಲ್ಲ.

"ಏನ್ ಮಗ, ಇಷ್ಟೊತ್ತಾರೆ? ಉಂಡ್ಯಾ?"

"ಅಪ್ಪ?"

"ಅವ್ರೆ. ಡೂಟಿಗೆ ಹೊಂಟವ್ರೆ. ಮಾತಾಡ್ತೀಯಾ?" ಆಮೇಲೆ ಆಚೆಗೆ ತಿರುಗಿ, "ರೀ, ಮಗಳು" ಅಂದದ್ದು ಕೇಳಿಸಿತು. ಗೇಟಿನ ಸದ್ದು. "ಹೊಂಟೋದ್ರು ಕಣವ್ವ" ಅಂದರು ಅವ್ವ.

ಅಪ್ಪ ಏರ್‌ಪೋರ್ಟಿನಲ್ಲಿ ಕಂಟ್ರ್ಯಾಕ್ಟಿನ ಮೇಲೆ ನೆಲ ಒರೆಸುತ್ತಾರೆ. ಹೋದ ವರ್ಷ ನಾನೇ ಒಂದು ಕರಪತ್ರ ಬರೆದು, ಅವರ ಮೇಸ್ತ್ರಿಯ ಅನ್ಯಾಯವನ್ನೆಲ್ಲ ಅಚ್ಚು ಹಾಕಿಸಿ ಗೇಟಿನಲ್ಲಿ ಹಂಚಿದೆ. ಒಂದಕ್ಷರ ಸುಳ್ಳಿರಲಿಲ್ಲ. ಅಪ್ಪನನ್ನು ಎರಡು ವಾರ ಮನೆಗೆ ಕಳಿಸಿದರು. ಅವರು ಬೈಯಲಿಲ್ಲ. "ನನ್ನ ಕೇಳ್ದೆ ನನ್ ಪರ ನಿಂತ್ಕಬ್ಯಾಡ ಕಣವ್ವ" ಅಂದರು, ಅಷ್ಟೇ. ನಾನು ಸಿಟ್ಟು ಮಾಡಿಕೊಂಡು ಲಕ್ಷ್ಮೀಪುರಂನಲ್ಲಿ ಈ ರೂಮು ಹಿಡಿದೆ.


ಜೂನ್ 21, ಶನಿವಾರ

ಅಪ್ಪನನ್ನು ಡಿಸ್ಚಾರ್ಜ್ ಮಾಡಿಸಿದೆ.

ಬೇರೆ ದಾರಿಯಿರಲಿಲ್ಲ. ಮೊನ್ನೆ 'ವಾರ್ಡಿಗೆ ಹಾಕಿದ್ದಾರೆ' ಅಂತ ಬರೆದೆ. 'ಹಾಗಾದ್ರೆ ಬಂದು ನೋಡ್ತೀನಿ, ಯಾವ ವಾರ್ಡ್?' ಅಂದರು. ತಕ್ಷಣ ಮನೆಗೆ ಕಳಿಸಿದೆ. 'ತುಂಬಾ ಸಂತೋಷ. ಚೆನ್ನಾಗಿ ನೋಡಿಕೊಳ್ಳಿ' — ಆಮೇಲೆ ಮೆಸೇಜ್ ಇಲ್ಲ. ಯಾಕಿರುತ್ತದೆ, ರೋಗಿ ಗುಣವಾದ ಮೇಲೆ?

ಮಹಡಿ ಮೇಲೆ ಬಟ್ಟೆ ಒಣಹಾಕುವಾಗ ಮನೆ ಓನರ್ ಪಂಕಜಾ ಆಂಟಿ ಕೆಳಗಿನಿಂದಲೇ ಕೇಳಿದರು, "ಏನಮ್ಮ ಮುಖ ಬಾಡಿದೆ, ಯಾರಾದ್ರೂ ಹೋದ್ರಾ?" ಇಲ್ಲ ಆಂಟಿ ಅಂದೆ. ಬಾಡಿಗೆಯವಳ ಜೊತೆ ಅವರ ಮಾತು ಅಲ್ಲಿಗೆ ಮುಗಿಯುತ್ತದೆ.


ಜೂನ್ 27, ಶುಕ್ರವಾರ

ರವಿಚಂದ್ರ. ಆರು ದಿನದ ಮೇಲೆ.

'ನಮಸ್ತೆ. ಅಪ್ಪ ಓಡಾಡ್ತಿದ್ದಾರಾ? ಅವರ ಡಿಸ್ಚಾರ್ಜ್ ಕಾರ್ಡಿನ ಒಂದು ಫೋಟೋ ಕಳಿಸೋಕಾಗುತ್ತಾ? ಒಂದು ಸಣ್ಣ ಕೆಲಸಕ್ಕೆ ಬೇಕಿತ್ತು. ತೊಂದರೆ ಆದ್ರೆ ಬೇಡ.'

ಅನುಮಾನ ಬಂತಾ? ಬಂದಿದ್ದರೆ ಹೀಗೆ ಕೇಳುತ್ತಿರಲಿಲ್ಲ.

ಮಧ್ಯಾಹ್ನ ಎರಡು ಸಲ ಕಾಲ್ ಬಂತು. ಎತ್ತಲಿಲ್ಲ. ಫೋನ್ ಮಗುಚಿಟ್ಟೆ.


ಜೂನ್ 30, ಸೋಮವಾರ. ಸಂಜೆ

ರೋಗಿ ಪಾತ್ರದವರನ್ನೆಲ್ಲ ಮೇಡಂ ಸೇರಿಸಿದ್ದರು. ಹೊಸದೊಂದು ಪರೀಕ್ಷೆ ಕಟ್ಟಬೇಕಂತೆ — 'ತಪ್ಪು ಮಾಡಿ ಸಿಕ್ಕಿಬಿದ್ದಾಗ ಡಾಕ್ಟರ್ ಹೇಗೆ ಒಪ್ಪಿಕೊಳ್ಳಬೇಕು.' ಉದಾಹರಣೆಗೆ ಆಸ್ಪತ್ರೆಯಲ್ಲೇ ಈ ತಿಂಗಳು ನಡೆದದ್ದನ್ನು ಹೇಳಿದರು. ಹೆಸರು ಹೇಳಲಿಲ್ಲ.

ಕ್ಯಾಶುಯಲ್ಟಿಯಲ್ಲಿದ್ದ ಇಂಟರ್ನ್ ಒಬ್ಬ ಯಾರಿಗೂ ಹೇಳದೆ ಜಾಗ ಬಿಟ್ಟು ಹೋದ. ಉಬ್ಬಸ ಹೆಚ್ಚಾದ ಅಜ್ಜಿಯೊಬ್ಬರನ್ನು ಕರೆತಂದರು. ಸೀನಿಯರ್ ಇನ್ನೊಂದು ಕೇಸಿನಲ್ಲಿದ್ದರು. ಇಂಟರ್ನ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅಜ್ಜಿ ಉಳಿದರು, ಆದರೆ ಮುಖ ನೀಲಿಗಟ್ಟಿದ ಮೇಲೆ. ಮಗ ದೂರು ಕೊಟ್ಟ.

"ಜಾಗ ಬಿಟ್ಟಿದ್ದಕ್ಕೆ ವಾರ್ನಿಂಗ್ ಕೊಟ್ಟು ಬಿಡ್ತಿದ್ರು" ಅಂದರು ಮೇಡಂ. "ಆದ್ರೆ ಹುಡುಗ ಕಥೆ ಕಟ್ಟಿದ. ಐಸಿಯು ಪೇಷೆಂಟ್ ಮಗಳೊಬ್ಬಳು ಅಳ್ತಿದ್ಲು, ಸಮಾಧಾನ ಮಾಡ್ತಿದ್ದೆ ಅಂತ. ಪೇಷೆಂಟ್ ಹೆಸರೂ ಹೇಳಿದ. ಸಿದ್ದಪ್ಪಾಜಿ. ತೆಗೆಸಿ ನೋಡಿದ್ರೆ ಆ ಹೆಸರಿನವರು ಈ ತಿಂಗಳಲ್ಲೇ ಅಡ್ಮಿಟ್ ಆಗಿಲ್ಲ. ಯಾವಳೋ ಸ್ನೇಹಿತೆ ಕೈಲಿ ಮೆಸೇಜ್ ಹಾಕಿಸಿಕೊಂಡು ಅದನ್ನೂ ತೋರಿಸ್ತಾನೆ. ತಪ್ಪಿಗಿಂತ ಸುಳ್ಳು ದೊಡ್ಡದು. ಇಂಟರ್ನ್‌ಶಿಪ್ಪು ಮುಂದಕ್ಕೆ ಹಾಕ್ತಾರೆ. ಹಾಕಿದ್ರೆ ಈ ವರ್ಷ ಪಿ.ಜಿ. ಪರೀಕ್ಷೆಗೆ ಕೂರೋ ಹಾಗಿಲ್ಲ. ಗುರುವಾರ ಕಮಿಟಿ."

ಅಪ್ಪನ ಹೆಸರು ಮೇಡಂ ಬಾಯಲ್ಲಿ. ಸುಳ್ಳಿನ ಹೆಸರಾಗಿ.

ಎಲ್ಲರೂ ಚರ್ಚೆ ಮಾಡಿದರು. ಯಾರು ಆ ಇಂಟರ್ನ್ ಪಾತ್ರದವರನ್ನು ಪ್ರಶ್ನೆ ಕೇಳಬೇಕು, ಹೇಗೆ ಕೇಳಬೇಕು. ಮೇಡಂ ನನ್ನ ಕಡೆ ನೋಡಿ, "ಸಂಘಮಿತ್ರ, ನೀನು ಚೆನ್ನಾಗಿ ಗದರಿಸ್ತೀಯ" ಅಂದರು. ಎಲ್ಲರೂ ನಕ್ಕರು.

ರವಿಚಂದ್ರ ಅವತ್ತು ಫೋನ್ ಮಗುಚಿಟ್ಟದ್ದು ನನ್ನ ಅನ್ನದ ತಟ್ಟೆಯ ಪಕ್ಕ. ಅದಕ್ಕೂ ಪೂರ್ತಿ ಅಂಕ ಕೊಟ್ಟಿದ್ದೆ.


ಜುಲೈ 1, ಮಂಗಳವಾರ

ಮಹದೇವಸ್ವಾಮಿ ಅವರಿಗೆ ಹೇಳಿದೆ. ಯಾರಿಗಾದರೂ ಹೇಳಲೇಬೇಕಿತ್ತು, ಬೇರೆ ಯಾರಿದ್ದಾರೆ. ಬಸ್‌ಸ್ಟಾಪಿನಲ್ಲಿ ಕೇಳಿಸಿಕೊಂಡರು. ತುಂಬ ಹೊತ್ತು ಎಲೆ ಅಡಿಕೆ ಅಗಿದರು.

"ಬುಡಮ್ಮ. ಡಾಕ್ಟ್ರಾಗೋರು, ಒಂದ್ ವರ್ಷ ಹೋದ್ರೆ ಮುಂದಿನ್ ವರ್ಷ ಬತ್ತದೆ. ನಿನ್ ಕೆಲ್ಸ ಹೋದ್ರೆ ಬತ್ತದಾ?"

"ಅವರದು ತಪ್ಪಿಲ್ಲವಲ್ಲ."

"ಫೋನ್ ಎತ್ತಬೇಕಾಗಿತ್ತು ತಾನೆ."

"ಎತ್ತದ ಹಾಗೆ ಮಾಡಿದ್ದು ನಾನು."

"ಅಂಗಾದ್ರೆ ನನ್ನ ಯಾಕ್ ಕೇಳ್ತೀಯ?" ಅಂದು, ಬಸ್ಸು ಬಂತು, ಹತ್ತಿ ಹೋದರು. ಕಿಟಕಿಯಿಂದ ಕೈ ಮಾತ್ರ ಆಡಿಸಿದರು.

ರೂಮಿಗೆ ಬಂದು ಬರೆಯಲು ನೋಟ್ ಪುಸ್ತಕ ಹುಡುಕಿದೆ. ಇಡೀ ಕ್ಯಾಶುಯಲ್ಟಿಗೆ ಒಬ್ಬ ಇಂಟರ್ನ್ ಇಟ್ಟವರದು ತಪ್ಪು — ಹಾಗೆ ಒಂದು ಪುಟ ಬರೆಯಬಲ್ಲೆ, ಈಗಲೇ. ಸುಳ್ಳೂ ಅಲ್ಲ. ಕರಪತ್ರಕ್ಕೆ ಒಳ್ಳೇ ವಿಷಯ. ಅದರಲ್ಲಿ ನಾನು ಎಲ್ಲಿಯೂ ಬರುವುದಿಲ್ಲ.

ಬರೆಯಲಿಲ್ಲ. ಆ ಅಜ್ಜಿಯ ಹೆಸರು ಏನೋ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.


ಜುಲೈ 2, ಬುಧವಾರ. ಮಧ್ಯಾಹ್ನ

ಮೇಡಂಗೆ ಹೇಳಿಬಿಟ್ಟೆ. ನಿಂತುಕೊಂಡೇ.

ಮೇಡಂ ಕನ್ನಡಕ ತೆಗೆದಿಟ್ಟರು. ಬೈಯುತ್ತಾರೆ ಅಂದುಕೊಂಡಿದ್ದೆ.

"ಅವನಿಗೆ ಎಷ್ಟು ಕೊಟ್ಟೆ?"

"ಪೂರ್ತಿ."

"ಪೂರ್ತಿ ಕೊಡಬಾರದು. ಒಳ್ಳೇ ಹುಡುಗ, ನಾನು ಒಪ್ತೀನಿ. ಆದ್ರೆ ಕೆಳಗೆ ಒಬ್ರಿಗೆ ಹೇಳಿ ಬರಬೇಕಿತ್ತು. ಹೇಳಿ ಬಂದು ನಿನ್ನ ಮುಂದೆ ಕೂತಿದ್ರೆ ಪೂರ್ತಿ. ಅಷ್ಟೇ ವ್ಯತ್ಯಾಸ. ಅಷ್ಟರಲ್ಲೇ ಆ ಅಜ್ಜಿ ಜೀವ ಇತ್ತು."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು.

"ನೀನು ಯಾರಿಗೆ ಹೇಳಿ ಹೋಗಿದ್ದೆ?"

"ಯಾರಿಗೂ ಇಲ್ಲ ಮೇಡಂ."

ಮೇಡಂ ಆರು ವರ್ಷ ಜಗಳವಾಡಿ ಈ ವಿಭಾಗ ತಂದಿದ್ದಾರೆ. ಇದನ್ನು ಮುಚ್ಚಿಸಬೇಕು ಅನ್ನುವವರು ಕಮಿಟಿಯಲ್ಲೇ ಇದ್ದಾರಂತೆ. ನಾಳೆ ಅವರಿಗೆ ನಾನೇ ನೆಪವಾಗಿ ಸಿಕ್ಕಂತಾಯಿತು.

"ನಾಳೆ ಮೂರು ಗಂಟೆಗೆ ಬಾ. ಕಮಿಟೀಲಿ ನೀನೇ ಹೇಳ್ಬೇಕು. ಸುಳ್ಳಿನ ಆರೋಪ ಬಿದ್ದುಹೋಗುತ್ತೆ. ನಿನ್ನನ್ನ ನಾನು ಉಳಿಸಿಕೊಳ್ಳೋಕಾಗಲ್ಲ, ಗೊತ್ತಲ್ಲ?"

"ಗೊತ್ತು."

"ಅವನಿಗೆ ನಾನು ಮುಂಚೆ ಹೇಳಲ್ಲ. ಒಳಗೆ ಬರೋ ಮೊದಲು ನೀನು ಹೇಳು."


ಜುಲೈ 3, ಗುರುವಾರ. ಮೂರೂವರೆ. ಆಡಳಿತ ಕಚೇರಿಯ ಬೆಂಚು

ಬರೆಯದಿದ್ದರೆ ಕೂರಲಾಗುವುದಿಲ್ಲ.

ರವಿಚಂದ್ರ ನನಗಿಂತ ಮೊದಲೇ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಕೋಟು. ತುಂಬ ಇಳಿದುಹೋಗಿದ್ದಾರೆ. ನನ್ನನ್ನು ಕಂಡು ಎದ್ದೇ ನಿಂತರು.

"ಅಯ್ಯೋ, ನೀವೇ ಬಂದ್ರಾ. ನಂಬರ್ ಬದಲಾಯ್ತೇನೋ ಅಂದ್ಕೊಂಡೆ. ಅಪ್ಪ ಹೇಗಿದ್ದಾರೆ?"

ಕಾರ್ಡ್ ತಂದ್ರಾ ಅಂತ ಮೊದಲು ಕೇಳಬಹುದಿತ್ತು. ಕೇಳಲಿಲ್ಲ.

ಹೇಳಿದೆ. ಮೆಟ್ಟಿಲಿನಿಂದ ಹಿಡಿದು ಡಿಸ್ಚಾರ್ಜ್‌ವರೆಗೆ. ಮಧ್ಯೆ ಒಂದು ಸಲವೂ ತಡೆಯಲಿಲ್ಲ. ಅಳು ಬರಲಿಲ್ಲ ನನಗೆ — ಬಂದಿದ್ದರೆ ಅವರು ನಂಬುತ್ತಲೂ ಇರಲಿಲ್ಲ.

ಕೊನೆಗೆ, "ಹಾಗಾದ್ರೆ ಅಪ್ಪ ಅಂತ..." ಅಂದರು.

"ಇದ್ದಾರೆ. ಮಂಡಕಳ್ಳೀಲಿ."

"ಅವರ ಹೆಸರೇನಾ ಅದು?"

"ಅವರದ್ದೇ."

"ಆ ದಿನ ನಾನು ನಮ್ಮಮ್ಮನ ವಿಷಯ ಹೇಳ್ದೆ ನಿಮ್ಗೆ" ಅಂದರು. "ಅದನ್ನ ಹಾಸ್ಟೆಲಲ್ಲಿ ಯಾರಿಗೂ ಹೇಳಿಲ್ಲ ನಾನು."

ಕ್ಷಮಿಸಿ ಅಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ.

"ಅಜ್ಜೀನ ನೋಡೋಕೆ ಹೋಗಿದ್ದೆ" ಅಂದರು. "ದೇವಿರಮ್ಮ ಅಂತ. ದೇವರಾಜ ಮೊಹಲ್ಲಾದಲ್ಲಿ ಮನೆ. ಮಗ ಬಾಗಿಲಲ್ಲೇ ನಿಲ್ಲಿಸ್ದ. ಅಜ್ಜಿ ಒಳಗಿಂದ 'ಯಾರ್ಲಾ ಅದು, ಒಳಿಕೆ ಕರಿ' ಅಂತಿದ್ರು. ಕರೀಲಿಲ್ಲ ಅವನು."

ಆಮೇಲೆ ಎದ್ದು ಹೋಗಿ ಆ ಕಡೆಯ ಕಿಟಕಿ ಹತ್ತಿರ ನಿಂತರು. ನನಗೆ ಬೆನ್ನು. ಏನೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುವುದು ನನಗೆ ಗೊತ್ತಿತ್ತು.

ಅವರನ್ನು ಒಳಗೆ ಕರೆದು ಹದಿನೈದು ನಿಮಿಷವಾಯಿತೇನೋ. ಗಾಜಿನ ಬಾಗಿಲು, ಮಾತು ಕೇಳಿಸುವುದಿಲ್ಲ. ಅವರು ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಕೂತಿದ್ದಾರೆ. ಮೇಡಂ ಏನೋ ಹೇಳುತ್ತಿದ್ದಾರೆ. ಒಬ್ಬ ದೊಡ್ಡ ಡಾಕ್ಟರ್ ತಲೆಯಾಡಿಸುತ್ತಿದ್ದಾರೆ — ಹೌದಂತಲೋ ಅಲ್ಲವಂತಲೋ ಇಲ್ಲಿಂದ ಗೊತ್ತಾಗುವುದಿಲ್ಲ.

ಏನು ಹೇಳಬೇಕು ಅಂತ ರಾತ್ರಿಯೆಲ್ಲ ಜೋಡಿಸಿಕೊಂಡಿದ್ದೆ. ವ್ಯವಸ್ಥೆ, ಸಿಬ್ಬಂದಿ ಕೊರತೆ, ಎಲ್ಲ. ಅದನ್ನೆಲ್ಲ ಬಿಡುತ್ತೇನೆ. ನಾನು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಮೆಟ್ಟಿಲು, ಬುಟ್ಟಿ, ಹೆಸರು.

ಬಾಗಿಲು ತೆರೆಯಿತು. ಅಟೆಂಡರ್ ಚೀಟಿ ನೋಡಿಕೊಂಡು ಕೂಗುತ್ತಿದ್ದಾನೆ —

"ಸಿದ್ದಪ್ಪಾಜಿ ಕಡೆಯೋರು ಯಾರು?"

ಬೆಂಚಿನಲ್ಲಿ ನಾನೊಬ್ಬಳೇ. ಆದರೂ ಆ ಕಡೆ ಈ ಕಡೆ ನೋಡಿ ಇನ್ನೊಂದು ಸಲ ಕೂಗಿದ. ನಾನು ಅವರ ಮಗಳು. ಏಳುತ್ತೇನೆ.